ಬೀದರ್ ಕೋಟೆಯ ಕೆಂಪು ಫೋಟೋದಲ್ಲೂ ಉಳಿಯಬೇಕೆಂದರೆ

ಬೀದರ್ ಕೋಟೆಗೆ ಸಂಜೆ ಫೋಟೋ ತೆಗೆಯಲು ಹೋಗುವವರು ವೈಟ್ ಬ್ಯಾಲೆನ್ಸನ್ನು (ಬೆಳಕಿಗೆ ತಕ್ಕಂತೆ ಫೋಟೋದ ಬಣ್ಣ ಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿ ಬಿಡಬೇಡಿ, ಸೂರ್ಯನ ಚಿತ್ರ ಇರುವ ಡೇಲೈಟ್‌ಗೆ ಹಾಕಿ. ಮೊಬೈಲ್ ಆದರೆ ಪ್ರೋ ಮೋಡ್‌ಗೆ ಹೋಗಿ ಅದನ್ನು 5500 ಕೆಲ್ವಿನ್‌ಗೆ (ಬೆಳಕಿನ ಬಣ್ಣದ ಅಳತೆ) ಇಡಿ. ಕೋಟೆಯ ಗೋಡೆಗಳಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಿದೆ, ಅದರ ಮೇಲೆ ಇಳಿಬಿಸಿಲು ಬೀಳುತ್ತದೆ. ಫ್ರೇಮ್ ತುಂಬ ಕೆಂಪೇ ಕಂಡಾಗ ಆಟೋ ಅದನ್ನು ತಪ್ಪೆಂದು ತಿಳಿದು ನೀಲಿ ಬೆರೆಸುತ್ತದೆ. ಕಣ್ಣಿಗೆ ಕೆಂಡದಂತೆ ಕಂಡ ಗೋಡೆ ಫೋಟೋದಲ್ಲಿ ಸಪ್ಪೆ ಕಂದು ಆಗುವುದು ಇದಕ್ಕೇ. ಡೇಲೈಟ್‌ನಲ್ಲಿ ಕ್ಯಾಮೆರಾ ಸುಮ್ನೆ ಇರುತ್ತದೆ, ಬಂದ ಬೆಳಕು ಬಂದ ಹಾಗೇ ದಾಖಲಾಗುತ್ತದೆ. ಮಳೆ ನಿಂತ ಮೇಲೆ ಬಿಸಿಲು ಬಂದರಂತೂ ಬಿಡಲೇಬೇಡಿ, ಒದ್ದೆ ಕಲ್ಲಿನ ಬಣ್ಣ ಇನ್ನೂ ಗಾಢ. ಆದರೆ ಎಲ್ಲ ಕಡೆ ಇದು ನಡೆಯುವುದಿಲ್ಲ. ಕಂದಕದ ನೆರಳಲ್ಲಿ ಇದೇ ಸೆಟ್ಟಿಂಗ್ ಇಟ್ಟರೆ ಫೋಟೋ ನೀಲಿ ತಿರುಗುತ್ತದೆ, ಅಲ್ಲಿ 7000ದ ಹತ್ತಿರ ಏರಿಸಿ. ಚಿಂಚೋಳಿ ಕಾಡಿನಲ್ಲಿ ಮರದಡಿ ಜನರನ್ನು ನಿಲ್ಲಿಸಿ ತೆಗೆದರೆ ಎಲೆಯ ಹಸಿರು ಮುಖಕ್ಕೆಲ್ಲ ಬಳಿದುಕೊಳ್ಳುತ್ತದೆ, ಅಲ್ಲಿ ಆಟೋನೇ ವಾಸಿ. ನಡುಮಧ್ಯಾಹ್ನ ಆಟೋಗೂ ಡೇಲೈಟ್‌ಗೂ ಅಂಥ ವ್ಯತ್ಯಾಸ ಕಾಣುವುದಿಲ್ಲ. (ನಮ್ಮ ಕಡೆ ಆ ಬಿಸಿಲಲ್ಲಿ ಕ್ಯಾಮೆರಾ ಹೊರಗೆ ತೆಗೆಯುವವರು ಯಾರು ಬಿಡಿ!) ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ಮುಳುಗುವ ಸೂರ್ಯನ ಜೊತೆ ತೆಗೆಯುವಾಗಲೂ ಡೇಲೈಟ್ ಇಡಿ, ಆಕಾಶದ ಕೇಸರಿ ಉಳಿಯುತ್ತದೆ. ರಾ ಫೈಲ್‌ನಲ್ಲಿ (ಕ್ಯಾಮೆರಾ ಬಣ್ಣ ತಿದ್ದದೆ ಉಳಿಸುವ ಫೈಲ್) ತೆಗೆಯುವವರಿಗೆ ಈ ತಲೆನೋವು ಇಲ್ಲ, ಮನೆಗೆ ಬಂದು ಬದಲಿಸಿಕೊಳ್ಳಬಹುದು. ಸಾಮಾನ್ಯ ಫೋಟೋ ಫೈಲ್ ಆದ ಜೆಪೆಗ್‌ನಲ್ಲಿ ಒಮ್ಮೆ ಹೋದ ಕೆಂಪನ್ನು ಆಮೇಲೆ ಸರಿಯಾಗಿ ತರುವುದು ಕಷ್ಟ.