ಅಪ್ಪನ ಟ್ರಂಕಲ್ಲಿ ಹಳೇ ಕಾಮಿಕ್ಸ್ ಸಿಕ್ಕಿದ್ರೆ ಬೆಲೆ ಕಟ್ಟೋದು ಹೇಗೆ, ಮಾರೋದು ಹೇಗೆ?

ಅಪ್ಪಂದೋ ಚಿಕ್ಕಪ್ಪಂದೋ ಟ್ರಂಕಲ್ಲಿ ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರ ಕಥೆ, ಟಿಂಕಲ್ ಎಲ್ಲ ಒಟ್ಟಿಗೆ ಸಿಕ್ಕಿದ್ರೆ ದಯವಿಟ್ಟು ಅವತ್ತೇ ಹಳೇ ಪೇಪರ್ ಅಂಗಡಿಯವರನ್ನ ಕರೀಬೇಡಿ. ತೂಕಕ್ಕೆ ಹಾಕಿದ್ದು ವಾಪಸ್ ಬರಲ್ಲ. ಹಾಗಂತ ಕೋಟಿ ಲೆಕ್ಕ ಹಾಕೋದೂ ಬೇಡ. 2025ರ ನವೆಂಬರಲ್ಲಿ ಅಮೆರಿಕದಲ್ಲಿ, ತೀರಿಹೋದ ತಾಯಿಯ ಮನೆ ಅಟ್ಟದಲ್ಲಿ ಮಕ್ಕಳಿಗೆ ಸಿಕ್ಕ ಸೂಪರ್‌ಮ್ಯಾನ್ ಮೊದಲ ಸಂಚಿಕೆ 91 ಲಕ್ಷ ಡಾಲರ್‌ಗಿಂತ ಜಾಸ್ತಿಗೆ ಹರಾಜಾಯ್ತು, ನಿಜ, ಆದ್ರೆ ಅದು 1939ರ ಪುಸ್ತಕ, ಕಂಡೀಶನ್‌ಗೆ ಹತ್ತಕ್ಕೆ 9 ಗ್ರೇಡ್ ಬಂದಿತ್ತು, ಮತ್ತೆ ಅಲ್ಲಿ ಕಾಮಿಕ್ಸ್ ಮೇಲೆ ಸೈಟು-ಷೇರು ಥರ ದುಡ್ಡು ಹಾಕೋರಿದಾರೆ. ನಮ್ಮಲ್ಲಿ ಕೊಳ್ಳೋರು ಹೆಚ್ಚಾಗಿ ಚಿಕ್ಕಂದಿನಲ್ಲಿ ಓದಿ ಕಳ್ಕೊಂಡಿದ್ದನ್ನ ಈಗ ಹುಡುಕ್ತಿರೋರು. ಅವರತ್ರ ಇಲ್ದಿರೋ ನಂಬರ್ ನಿಮ್ಮತ್ರ ಚೆನ್ನಾಗಿದ್ರೆ ಅದಕ್ಕೆ ಬೆಲೆ, ಉಳಿದಿದ್ದಕ್ಕೆ ಅಷ್ಟಕ್ಕಷ್ಟೇ. ಟ್ರಂಕಿನ ಬೆಲೆಯೆಲ್ಲ ಕೆಲವೇ ಪುಸ್ತಕಗಳಲ್ಲಿ ಇರತ್ತೆ, ಆ ಕೆಲವು ಯಾವ್ದು ಅಂತ ಕಂಡುಹಿಡಿಯೋದೇ ನಿಮ್ಮ ಕೆಲಸ.

ಶುರು ಮಾಡೋಕೆ ಮುಂಚೆ ಅಣ್ಣ-ತಮ್ಮ, ಅಕ್ಕ-ತಂಗಿಯರ ಹತ್ರ ಮಾತಾಡ್ಕೊಳ್ಳಿ. ಯಾರಿಗೆ ಯಾವ್ದು ಬೇಕು, ಮಾರಿದ ದುಡ್ಡು ಹೇಗೆ ಹಂಚ್ಕೊಳ್ಳೋದು, ಇದು ಮೊದ್ಲೇ ತೀರ್ಮಾನ ಆಗ್ಲಿ.

ಮೊದಲನೇ ಹೆಜ್ಜೆ: ಪಟ್ಟಿ

ಯಾರಿಗೂ ತೋರಿಸೋ ಮುಂಚೆ ಪಟ್ಟಿ ಮಾಡಿ. ಫೋನಲ್ಲೇ ಒಂದು ಎಕ್ಸೆಲ್ ಶೀಟ್ ಸಾಕು: ಹೆಸರು, ಭಾಷೆ, ಸಂಚಿಕೆ ನಂಬರ್, ವರ್ಷ, ಮುಖಪುಟದ ಮೇಲಿರೋ ಬೆಲೆ, ಏನೇನು ಹಾಳಾಗಿದೆ. ಪಟ್ಟಿ ಇಲ್ದೆ ಡೀಲರ್ ಹತ್ರ ಹೋದ್ರೆ ಅವರು ಮೇಲಿನ ನಾಲ್ಕು ತಿರುವಿ ನೋಡಿ ಒಟ್ಟಾರೆ ಒಂದು ರೇಟ್ ಹೇಳ್ತಾರೆ, ಒಳಗಿರೋ ಒಳ್ಳೇದೂ ಅದೇ ರೇಟಿಗೆ ಹೋಗತ್ತೆ.

ಟ್ರಂಕಲ್ಲಿ ಹೇಗೆ ಜೋಡಿಸಿಟ್ಟಿದ್ರೋ ಅದನ್ನ ಒಂದು ಫೋಟೊ ತೆಗೆದಿಡಿ. ನುಸಿಗುಳಿಗೆ ಇದ್ರೆ ತೆಗೆದುಬಿಡಿ. ಬೂಷ್ಟು ಹಿಡಿದಿರೋದನ್ನ ಬೇರೆ ಇಡಿ, ಬಿಸಿಲಿಗೆ ಮಾತ್ರ ಒಣಗಿಸ್ಬೇಡಿ, ನೆರಳಲ್ಲಿ ಗಾಳಿ ಆಡೋ ಕಡೆ ಇಟ್ರೆ ಸಾಕು.

ನಂಬರ್ ಓದೋದು ಹೇಗೆ

ಇಂದ್ರಜಾಲ ಶುರುವಾಗಿದ್ದು 1964ರ ಮಾರ್ಚಲ್ಲಿ, ಟೈಮ್ಸ್ ಆಫ್ ಇಂಡಿಯಾದವರು ತಂದಿದ್ದು, ನಿಂತಿದ್ದು 1990ರಲ್ಲಿ. ಮೊದಲ 32 ಸಂಚಿಕೆ ಬರೀ ಫ್ಯಾಂಟಮ್, ಆಮೇಲೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ಬಹಾದೂರ್ ಎಲ್ಲ ಬಂದ್ರು. ಹಾಗಾಗಿ ಚಿಕ್ಕ ನಂಬರ್ ಕಂಡ್ರೆ ತಕ್ಷಣ ಪಕ್ಕಕ್ಕೆ ತೆಗೆದಿಡಿ. ಇಂಗ್ಲಿಷ್ ಸೆಟ್ಟಲ್ಲಿ 123 ಮತ್ತು 124 ಇಲ್ಲ ಅಂತ ಗಾಬರಿ ಬೇಡ, ಮುಷ್ಕರದಿಂದ ಅವೆರಡು ಅಚ್ಚೇ ಆಗ್ಲಿಲ್ಲ, ಯಾರಾದ್ರೂ "ಸೆಟ್ ಅಪೂರ್ಣ" ಅಂತ ರೇಟ್ ಇಳಿಸೋಕೆ ಬಂದ್ರೆ ಇದನ್ನ ಹೇಳಿ. ಕನ್ನಡದ ಇಂದ್ರಜಾಲ ಸಿಕ್ಕಿದ್ರೆ ಅದನ್ನ ಇಂಗ್ಲಿಷಿನ ಜೊತೆ ಸೇರಿಸ್ದೆ ಬೇರೆ ಪಟ್ಟಿ ಮಾಡಿ, ಅದನ್ನ ಕೇಳೋರೇ ಬೇರೆ.

ಅಮರ ಚಿತ್ರ ಕಥೆ ವಿಷಯದಲ್ಲಿ ನಮ್ಮವರಿಗೆ ಗೊತ್ತಿರಲೇಬೇಕಾದ ಸಂಗತಿ ಒಂದಿದೆ. ಕಾರ್ಕಳದ ಅನಂತ ಪೈ ಅವರು 1967ರಲ್ಲಿ ಶುರು ಮಾಡಿದ್ರು ಅಂತ ಎಲ್ರೂ ಹೇಳ್ತಾರೆ, ಸರಿ, ಆದ್ರೆ ಅದಕ್ಕೂ ಮುಂಚೆ 1965ರಲ್ಲಿ ಬೆಂಗಳೂರಲ್ಲಿ ಜಿ.ಕೆ. ಅನಂತರಾಮ್ ಅವರು ಇದೇ ಸರಣಿಯಲ್ಲಿ ಸಿಂಡರೆಲಾ, ಸ್ನೋ ವೈಟ್ ಥರದ ಹತ್ತು ಕಥೆಗಳನ್ನ ಕನ್ನಡದಲ್ಲಿ ತಂದಿದ್ರು, ಅದಕ್ಕೇ ಆಮೇಲೆ ಬಂದ 'ಕೃಷ್ಣ' ಪುಸ್ತಕದ ನಂಬರ್ 11. ಮೊದಲ ಹತ್ತರಲ್ಲಿ ಯಾವ್ದಾದ್ರೂ ಕನ್ನಡದ್ದು ನಿಮ್ಮನೇಲಿ ಇದ್ರೆ ಅದನ್ನ ಆತುರಕ್ಕೆ ಕೊಡಲೇಬೇಡಿ, ಇಬ್ಬರು ಮೂವರು ತಿಳಿದೋರಿಗೆ ತೋರಿಸಿ. ಇನ್ನೊಂದು ಕಡೆ, ಅಮರ ಚಿತ್ರ ಕಥೆ ಮತ್ತೆ ಮತ್ತೆ ಪ್ರಿಂಟಾಗಿದೆ. ನಂಬರ್ 500ರ ಮೇಲಿದ್ರೆ ಸಾಮಾನ್ಯವಾಗಿ ಆಮೇಲಿಂದು, ಅವು ಓದೋ ಪ್ರತಿಗಳು, ಮಕ್ಕಳಿರೋ ಮನೆಗೆ ಒಟ್ಟಿಗೆ ಕೊಡೋದೇ ಒಳ್ಳೇದು.

ಕಂಡೀಶನ್: ಇಲ್ಲೇ ಬೆಲೆ ಬೀಳೋದು

ಒಂದು ಪುಸ್ತಕ ಕೈಗೆ ತಗೊಳ್ಳಿ, ಮೊದ್ಲು ಮಧ್ಯದ ಹಾಳೆ ಹತ್ರ ಬಿಡಿಸಿ ನೋಡಿ. ಪಿನ್ ತುಕ್ಕು ಹಿಡಿದು ಸುತ್ತ ಕಂದು ಕಲೆ ಆಗಿದ್ಯಾ, ಹಾಳೆ ಪಿನ್ನಿಂದ ಬಿಟ್ಕೊಂಡಿದ್ಯಾ, ಇಲ್ಲಾ ಮಧ್ಯದ ಹಾಳೆನೇ ಇಲ್ವಾ? ಆಮೇಲೆ ಪುಟ ಎಣಿಸಿ. ಒಳಗೆ ಕೂಪನ್ ಕತ್ತರಿಸಿದಾರಾ, ಪದಬಂಧ ಪೆನ್ಸಿಲಲ್ಲಿ ತುಂಬಿದಾರಾ, ಮುಖಪುಟದ ಮೇಲೆ "4ನೇ ತರಗತಿ ಬಿ ಸೆಕ್ಷನ್" ಅಂತ ಇಂಕ್ ಪೆನ್ನಲ್ಲಿ ಬರೆದಿದ್ಯಾ, ಲೈಬ್ರರಿ ಸೀಲ್ ಇದ್ಯಾ, ಎಲ್ಲ ಬರ್ಕೊಳ್ಳಿ. ಇದ್ಯಾವುದನ್ನೂ ಅಳಿಸೋಕೆ, ಅಂಟಿಸೋಕೆ ಹೋಗ್ಬೇಡಿ. ಸೆಲೋಟೇಪ್ ಅಂತೂ ಬೇಡವೇ ಬೇಡ, ವರ್ಷ ಕಳೆದಂತೆ ಅದು ಹಳದಿಯಾಗಿ ಪೇಪರನ್ನೇ ತಿನ್ನತ್ತೆ, ಹರಿದ ಪುಸ್ತಕಕ್ಕಿಂತ ಟೇಪ್ ಹಾಕಿದ ಪುಸ್ತಕಕ್ಕೆ ಕಮ್ಮಿ ಕೊಡೋರೇ ಜಾಸ್ತಿ.

ನಮ್ಮ ಕಡೆ ಹತ್ತು ಹನ್ನೆರಡು ಸೇರಿಸಿ ರಟ್ಟು ಹಾಕಿ ಬೈಂಡ್ ಮಾಡಿಸೋ ಅಭ್ಯಾಸ ತುಂಬ ಇತ್ತು. ಬೈಂಡರ್ ಮೂರು ಕಡೆ ಅಂಚು ಕತ್ತರಿಸಿರ್ತಾನೆ, ಹೊಲಿಗೆ ತೂತು ಇರತ್ತೆ, ಅದಕ್ಕೆ ಬಿಡಿ ಪ್ರತಿಯ ಬೆಲೆ ಬರಲ್ಲ. ಆದ್ರೂ ಬಿಚ್ಚಬೇಡಿ, ಬಿಚ್ಚೋಕೆ ಹೋದ್ರೆ ಇರೋದೂ ಹಾಳು. ಬೈಂಡ್ ವಾಲ್ಯೂಮ್ ಅಂತಾನೇ ಮಾರಿ.

ಮುಖಪುಟ ತೀರಾ ಹೊಸದಾಗಿ ಕಂಡ್ರೆ ಅದರ ಹಿಂಬದಿ ನೋಡಿ. ಒಳಗಡೆ ಬೆಳ್ಳಗೆ ಖಾಲಿ ಇದ್ದು, ಒಳಹಾಳೆ ಎಲ್ಲ ಹಳದಿಯಾಗಿದ್ರೆ ಯಾರೋ ಕಲರ್ ಜೆರಾಕ್ಸ್ ಹಾಕಿರಬಹುದು. ಮಾರುವಾಗ ಅದನ್ನ ಹೇಳಲೇಬೇಕು.

ರೇಟ್

ಆನ್‌ಲೈನಲ್ಲಿ ಒಬ್ಬ ಹತ್ತು ಸಾವಿರ ಅಂತ ಹಾಕಿದಾನೆ ಅಂದ್ರೆ ಅದು ಅವನ ಆಸೆ ಅಷ್ಟೇ, ಬೆಲೆ ಅಲ್ಲ. ಇಬೇಯಲ್ಲಿ ಮಾರಾಟ ಆಗಿದ್ದನ್ನ ಮಾತ್ರ ತೋರಿಸೋ ಫಿಲ್ಟರ್ ಇದೆ, ಅದನ್ನ ಹಾಕಿ ಅದೇ ಭಾಷೆ, ಅದೇ ನಂಬರ್, ಹೆಚ್ಚೂಕಮ್ಮಿ ಅದೇ ಕಂಡೀಶನ್ ಇರೋದನ್ನ ಹುಡುಕಿ. ಹಳೇ ಕಾಮಿಕ್ಸ್ ಫೇಸ್‌ಬುಕ್ ಗ್ರೂಪುಗಳಲ್ಲಿ ಯಾವ್ದು ಎಷ್ಟಕ್ಕೆ ಹೋಗ್ತಿದೆ ಅಂತ ಕೆಲವು ವಾರ ಸುಮ್ಮನೆ ನೋಡ್ತಿದ್ರೇ ಅಂದಾಜು ಬರತ್ತೆ. ಅಮೆರಿಕದ ಸಿಜಿಸಿ ಅಂತ, ಪುಸ್ತಕದ ಕಂಡೀಶನ್ ನೋಡಿ ಅಂಕ ಕೊಡೋ ಗ್ರೇಡಿಂಗ್ ಕಂಪನಿ ಇದೆ, ಹಳೇ ಮಾರ್ವೆಲ್, ಡಿಸಿ ಇದ್ರೆ ಅದರ ಯೋಚನೆ ಮಾಡಿ, ಇಂದ್ರಜಾಲಕ್ಕೆ ಕಳಿಸೋ ಖರ್ಚು ಗಿಟ್ಟೋದು ಕಷ್ಟ ಅಂತ ನನ್ನ ಅಭಿಪ್ರಾಯ.

ಮಾರೋದು

ಬೇಗ ಮುಗೀಬೇಕು ಅಂದ್ರೆ ಬೆಂಗಳೂರಿನ ಚರ್ಚ್ ಸ್ಟ್ರೀಟು, ಅವೆನ್ಯೂ ರೋಡ್ ಕಡೆ ಹಳೇ ಪುಸ್ತಕದ ಅಂಗಡಿಗಳಲ್ಲಿ ವಿಚಾರಿಸಿ. ಅಂಗಡಿಯವರು ವರ್ಷಗಟ್ಟಲೆ ಇಟ್ಕೊಂಡು ಮಾರ್ಬೇಕು, ಬಾಡಿಗೆ ಕಟ್ಬೇಕು, ಅದಕ್ಕೆ ಕಮ್ಮಿನೇ ಕೊಡ್ತಾರೆ, ಅದು ಮೋಸ ಅಲ್ಲ. ಒಳ್ಳೇ ಬೆಲೆ ಬೇಕು ಅಂದ್ರೆ ಆರಿಸಿಟ್ಟ ಕೆಲವನ್ನ ಕಲೆಕ್ಟರ್‌ಗಳಿಗೇ ಒಂದೊಂದಾಗಿ ಮಾರಿ, ಉಳಿದಿದ್ದನ್ನ ಲಾಟ್ ಮಾಡಿ ಕೊಡಿ. ಒಂದು ಮಾತು, "ಒಳ್ಳೇವು ನಾಲ್ಕು ಮಾತ್ರ ಕೊಡಿ, ಬೇರೆದಕ್ಕೆ ಆಮೇಲೆ ಬರ್ತೀನಿ" ಅನ್ನೋರು ಸಾಮಾನ್ಯವಾಗಿ ಆಮೇಲೆ ಬರಲ್ಲ, ಆ ನಾಲ್ಕಕ್ಕೆ ಪೂರ್ತಿ ಬೆಲೆ ಕೇಳಿ.

ಫೋಟೊನ ಹಗಲು ಬೆಳಕಲ್ಲಿ ತೆಗೀರಿ, ಮುಂದೆ, ಹಿಂದೆ, ಬೆನ್ನು, ಮಧ್ಯದ ಪಿನ್ನು, ಮತ್ತೆ ಹಾಳಾಗಿರೋ ಜಾಗ ಹತ್ತಿರದಿಂದ. ದುಡ್ಡು ಬಂದ್ಮೇಲೇ ಕಳಿಸಿ. ದುಡ್ಡು ತಗೊಳ್ಳೋಕೆ ಕ್ಯೂಆರ್ ಸ್ಕ್ಯಾನ್ ಮಾಡಿ, ಯುಪಿಐ ಪಿನ್ ಹಾಕಿ ಅಂತ ಯಾರಾದ್ರೂ ಅಂದ್ರೆ ಫೋನ್ ಇಟ್ಬಿಡಿ, ದುಡ್ಡು ಬರೋಕೆ ಪಿನ್ ಬೇಕಾಗೋದೇ ಇಲ್ಲ. ಪಾರ್ಸೆಲ್‌ಗೆ ಮೊದ್ಲು ಪ್ಲಾಸ್ಟಿಕ್ ಕವರ್, ಆಮೇಲೆ ಎರಡೂ ಕಡೆ ಗಟ್ಟಿ ರಟ್ಟು, ಸ್ಪೀಡ್ ಪೋಸ್ಟ್ ಸಾಕು. ಟ್ರಂಕಲ್ಲಿ ಕಲಾವಿದರ ಕೈಯ ಮೂಲ ಚಿತ್ರ ಏನಾದ್ರೂ ಸಿಕ್ಕಿದ್ರೆ ಮಾತ್ರ ಮಾರೋ ಮುಂಚೆ ಸಿಎ ಹತ್ರ ಕೇಳಿ, ಕಲಾಕೃತಿಗೆ ತೆರಿಗೆ ಲೆಕ್ಕವೇ ಬೇರೆ.

ಮುಖಪುಟ ಹೋಗಿರೋ ಚೂರುಪಾರು ಪುಸ್ತಕಗಳನ್ನೂ ಎಸೀಬೇಡಿ, ಪಟ್ಟಿಯ ಕೊನೇಲಿ ಹಾಕಿ. ತಮ್ಮ ಪ್ರತಿಯಲ್ಲಿ ಮಧ್ಯದ ಹಾಳೆ ಇಲ್ದೇ ಇರೋರು ಅದೊಂದಕ್ಕೋಸ್ಕರಾನೇ ಕೇಳ್ಕೊಂಡು ಬರ್ತಾರೆ.