ಗಾಮಾ ಪ್ರೋಬ್ ಕಟ್ಟುವಾಗ ಕಾಡುವುದು ಹರಳಲ್ಲ, ಬಿಸಿ ಮತ್ತು ಬೆಳಕು

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಸೆಂಟಿನೆಲ್ ಗ್ರಂಥಿ (ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ದುಗ್ಧಗ್ರಂಥಿ) ಹುಡುಕಲು ಗಾಮಾ ಪ್ರೋಬ್, ಅಂದರೆ ಗಾಮಾ ಕಿರಣ ಎಣಿಸಿ ಸದ್ದಿನಲ್ಲಿ ತಿಳಿಸುವ ಕೈ ಉಪಕರಣ ಬೇಕು. ಚುಚ್ಚಿದ ವಿಕಿರಣ ಔಷಧ ಟೆಕ್ನೀಷಿಯಂ-99ಎಂ ಕೊಲಾಯ್ಡಿನ ಬಹುಪಾಲು ಚುಚ್ಚಿದ ಜಾಗದಲ್ಲೇ ಉಳಿಯುತ್ತದೆ. ಕಂಕುಳಿನ ಗ್ರಂಥಿಗೆ ಸೇರುವುದು ಶೇ. 1ರ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. ಅಂದರೆ ಪಕ್ಕದಲ್ಲೇ ಇರುವ ದೊಡ್ಡ ಮೂಲವನ್ನು ಕಡೆಗಣಿಸಿ ಸಣ್ಣದನ್ನು ಮಾತ್ರ ಕೇಳಿಸಿಕೊಳ್ಳುವ ಉಪಕರಣ ಇದು. ಗಾಮಾ ಕಿರಣ ಬಿದ್ದಾಗ ಒಳಗಿನ ಹರಳು ಮಿನುಗುತ್ತದೆ; ಆ ಬೆಳಕನ್ನು ವಿದ್ಯುತ್ತಾಗಿ ಹಿಗ್ಗಿಸುವ ಹಳೆಯ ಫೋಟೋಮಲ್ಟಿಪ್ಲೈಯರ್ ಕೊಳವೆಗೆ ಸಾವಿರ ವೋಲ್ಟಿನ ಆಸುಪಾಸು ಬೇಕಿತ್ತು. ಈಗ ಅದರ ಜಾಗಕ್ಕೆ 30 ವೋಲ್ಟಿನೊಳಗೆ ನಡೆಯುವ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್, ಅಂದರೆ ಎಸ್‌ಐಪಿಎಂ ಬಂದಿದೆ. ಡಿಜಿಟಲ್ ಪೆಟ್ (ಪಿಇಟಿ) ಸ್ಕ್ಯಾನ್ ಯಂತ್ರಗಳ ಉಂಗುರದಲ್ಲಿ ಸಾಲುಸಾಲಾಗಿ ಕೂರುವುದೂ ಇದೇ. ಒಂದೇ ಒಂದನ್ನು ತಂದು ಪ್ರೋಬ್ ಕಟ್ಟಿದರೆ ಆ ಯಂತ್ರಗಳ ಅರ್ಧ ಗುಟ್ಟು ಮೇಜಿನ ಮೇಲೆ ತಿಳಿಯುತ್ತದೆ.

ಮೊದಲೇ ಹೇಳಿಬಿಡುತ್ತೇನೆ: ಇದು ಫ್ಯಾಂಟಮ್ (ದೇಹದ ಬದಲಿಗೆ ಬಳಸುವ ಪರೀಕ್ಷಾ ಮಾದರಿ) ಮತ್ತು ಪಾಠಕ್ಕೆ ಮಾತ್ರ. ರೋಗಿಯ ಮೇಲೆ ಬಳಸುವ ಉಪಕರಣಕ್ಕೆ ವಿದ್ಯುತ್ ಸುರಕ್ಷತೆಯ ಪರೀಕ್ಷೆ, ವೈದ್ಯಕೀಯ ಸಾಧನದ ಪರವಾನಗಿ ಎಲ್ಲವೂ ಬೇಕು. ವಿಕಿರಣ ಮೂಲಗಳನ್ನು ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿ ಇರುವ ವಿಭಾಗದಲ್ಲಿ, ಆರ್‌ಎಸ್‌ಒ (ವಿಕಿರಣ ಸುರಕ್ಷತಾ ಅಧಿಕಾರಿ) ಗಮನಕ್ಕೆ ತಂದು, ಮೈಗೆ ತಗುಲುವ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಂಡೇ ಮುಟ್ಟಬೇಕು.

ಹರಳಿನ ಆಯ್ಕೆ ಬೇಗ ಮುಗಿಯುತ್ತದೆ. ಸೋಡಿಯಂ ಅಯೊಡೈಡ್ ತೇವ ಹೀರುತ್ತದೆ, ಮುಚ್ಚಿದ ಡಬ್ಬಿ ಬೇಕು. ಲುಟೀಷಿಯಂ ಇರುವ ಎಲ್‌ವೈಎಸ್‌ಒ ಹರಳು ಪೆಟ್‌ಗೆ ಸೈ, ಇಲ್ಲಿಗೆ ಬೇಡ: ಸಹಜ ಲುಟೀಷಿಯಂನಲ್ಲಿ ಶೇ. 2.6ರಷ್ಟು ಲುಟೀಷಿಯಂ-176 ಇದ್ದು, ಹರಳು ತನ್ನಷ್ಟಕ್ಕೇ ಎಣಿಕೆ ಕೊಡುತ್ತಿರುತ್ತದೆ. ಪೆಟ್‌ನಲ್ಲಿ ಜೋಡಿ ಫೋಟಾನ್‌ಗಳನ್ನಷ್ಟೇ ಎಣಿಸುವುದರಿಂದ ಅದು ಬಹುತೇಕ ಸೋಸಿಹೋಗುತ್ತದೆ. ಒಂಟಿ ಫೋಟಾನ್ ಎಣಿಸುವ ಪ್ರೋಬಿನಲ್ಲಿ ಹೋಗುವುದಿಲ್ಲ. ಬೆಳಕಿನ ಹಂಗಿಲ್ಲದೆ ನೇರ ವಿದ್ಯುತ್ ಸಂಕೇತ ಕೊಡುವ ಅರೆವಾಹಕ ಸಿಝಡ್‌ಟಿ ಒಳ್ಳೆಯದೇ, ದುಬಾರಿ. ನಾನು ಬಳಸುವುದು ಸೀರಿಯಂ ಬೆರೆಸಿದ ಗ್ಯಾಡೊಲಿನಿಯಂ-ಅಲ್ಯೂಮಿನಿಯಂ-ಗ್ಯಾಲಿಯಂ ಗಾರ್ನೆಟ್, ಲ್ಯಾಬಿನ ಮಾತಿನಲ್ಲಿ ಗ್ಯಾಗ್. ಸಾಂದ್ರತೆ 6.6, ತೇವದ ಭಯವಿಲ್ಲ, ಸ್ವಂತ ವಿಕಿರಣವಿಲ್ಲ. 6×6×5 ಮಿ.ಮೀ. ತುಂಡು ಸಾಕು, 5 ಮಿ.ಮೀ. ದಪ್ಪಕ್ಕೇ 140 ಕೆಇವಿ (ಟೆಕ್ನೀಷಿಯಂ-99ಎಂ ಗಾಮಾ ಕಿರಣದ ಶಕ್ತಿ) ಫೋಟಾನ್‌ಗಳಲ್ಲಿ ಶೇ. 90ರಷ್ಟು ನಿಲ್ಲುತ್ತವೆ.

ಬೆಳಕಿನ ಲೆಕ್ಕ ಹೀಗೆ. ಗ್ಯಾಗ್ ಒಂದು ಕೆಇವಿಗೆ ಸುಮಾರು 50 ಬೆಳಕಿನ ಕಣ ಕೊಡುತ್ತದೆ, ಅಂದರೆ 140 ಕೆಇವಿಗೆ 7,000. ಅದರಲ್ಲಿ ಅರ್ಧ ಸೆನ್ಸರಿಗೆ ತಲುಪಿ, ತಲುಪಿದ್ದರಲ್ಲಿ ಕಾಲುಭಾಗ ದಾಖಲಾದರೂ 900ರ ಹತ್ತಿರ. ಬೆಳಕಿನ ಕಣ ಹಿಡಿಯುವ 35 ಮೈಕ್ರಾನ್ ಕೋಶಗಳ 6 ಮಿ.ಮೀ. ಎಸ್‌ಐಪಿಎಂನಲ್ಲಿ 22,000ಕ್ಕೂ ಹೆಚ್ಚು ಕೋಶಗಳಿರುವುದರಿಂದ ಇಷ್ಟು ಬೆಳಕಿಗೆ ಅದು ತುಂಬಿಹೋಗುವುದಿಲ್ಲ. ಡಾರ್ಕ್ ಕೌಂಟ್ (ಬೆಳಕಿಲ್ಲದೆಯೂ ಬರುವ ಹುಸಿ ಎಣಿಕೆ) ಸೆಕೆಂಡಿಗೆ ಹತ್ತಾರು ಲಕ್ಷ ಎಂದು ಡೇಟಾಶೀಟಿನಲ್ಲಿ ಓದಿ ಗಾಬರಿಯಾಗಬೇಡಿ. ಒಂದು ಮೈಕ್ರೋಸೆಕೆಂಡಿನ ಪಲ್ಸಿನೊಳಗೆ ಅದು ಎರಡೋ ಮೂರೋ ಕೋಶದ ಸದ್ದು. 900ರ ಮುಂದೆ ಲೆಕ್ಕಕ್ಕೇ ಇಲ್ಲ.

ಹರಳನ್ನು ಸುತ್ತಲು ನಲ್ಲಿ ರಿಪೇರಿಯವರು ಬಳಸುವ ಬಿಳಿ ಟೆಫ್ಲಾನ್ ಟೇಪ್ ಸಾಕು. ಐದು ಮುಖಕ್ಕೆ ನಾಲ್ಕೈದು ಪದರ, ಬಿಗಿಯಾಗಿ. ಆರನೆಯ ಮುಖ, ಪಾಲಿಶ್ ಆದದ್ದು, ಸೆನ್ಸರಿಗೆ. ನಡುವೆ ಆಪ್ಟಿಕಲ್ ಗ್ರೀಸ್ ಹಾಕಿದರೆ ಮೊದಲ ದಿನ ಚೆನ್ನಾಗಿಯೇ ಇರುತ್ತದೆ. ಪ್ರೋಬನ್ನು ಓರೆಯಾಗಿ, ತಲೆಕೆಳಗಾಗಿ ಹಿಡಿಯುವುದರಿಂದ ಗ್ರೀಸ್ ಮೆಲ್ಲಗೆ ಅಂಚಿಗೆ ಜಾರಿ ಟೇಪಿಗೆ ಇಳಿಯುತ್ತದೆ. ಗ್ರೀಸ್ ಹೀರಿದ ಟೆಫ್ಲಾನ್ ಬಿಳುಪು ಕಳೆದುಕೊಂಡು ಅರೆಪಾರದರ್ಶಕವಾಗುತ್ತದೆ. ಬಿಚ್ಚಿ ನೋಡಿದರೆ ಹರಳಿನ ಬುಡದ ಸುತ್ತ ಎಣ್ಣೆ ಕಾಗದದ ಹಾಗೆ ಒಂದು ಪಟ್ಟಿ ಕಾಣುತ್ತದೆ. ಅಲ್ಲಿಂದ ಬೆಳಕು ಸೋರಿ ಪೀಕ್ (ಶಕ್ತಿಯ ನಕ್ಷೆಯಲ್ಲಿ 140 ಕೆಇವಿಗೆ ಏಳುವ ಶಿಖರ) ಕೆಳಗಿಳಿದು ಅಗಲವಾಗುತ್ತದೆ. ಗಟ್ಟಿಯಾಗುವ ಪಾರದರ್ಶಕ ಸಿಲಿಕೋನ್ ಹಾಕಿ. ಬೆರೆಸಿದ ಮೇಲೆ ನಿರ್ವಾತದಲ್ಲಿಟ್ಟು ಗುಳ್ಳೆ ತೆಗೆದರೆ ಆ ತಲೆನೋವು ಮುಗಿಯಿತು.

ಕವಚ ಟಂಗ್‌ಸ್ಟನ್ ಮಿಶ್ರಲೋಹದ್ದು. ಶುದ್ಧ ಟಂಗ್‌ಸ್ಟನ್ ಲೇತಿನಲ್ಲಿ ಸೀಳುತ್ತದೆ; ನಿಕಲ್, ಕಬ್ಬಿಣ ಬೆರೆತದ್ದನ್ನೇ ಕೇಳಿ ಪಡೆಯಿರಿ. ಒಳವ್ಯಾಸ 9.5, ಹೊರವ್ಯಾಸ 13.5 ಮಿ.ಮೀ. ಸುತ್ತಲಿನ 2 ಮಿ.ಮೀ. ಗೋಡೆ 140 ಕೆಇವಿಯಲ್ಲಿ ಸಾವಿರಕ್ಕೆ ಒಂದೆರಡನ್ನಷ್ಟೇ ಬಿಡುತ್ತದೆ. ಮುಂದೆ 5 ಮಿ.ಮೀ. ತೂತಿನ, 5 ಮಿ.ಮೀ. ದಪ್ಪದ ಕಾಲಿಮೇಟರ್, ಅಂದರೆ ಎದುರಿನ ಕಿರಣವನ್ನಷ್ಟೇ ಒಳಬಿಡುವ ತಡೆ. ಎಲ್ಲರೂ ಮರೆಯುವುದು ಹಿಂಬದಿಯನ್ನು. ತಂತಿ ಹೊರಬರುವ ತೂತು ನೇರವಾಗಿದ್ದರೆ, ಪ್ರೋಬನ್ನು ಕಂಕುಳಿನತ್ತ ತಿರುಗಿಸಿದಾಗ ಚುಚ್ಚಿದ ಜಾಗದ ವಿಕಿರಣ ಬೆನ್ನ ಹಿಂದಿನಿಂದ ಒಳಗೆ ಬರುತ್ತದೆ. ಹಿಂಬದಿಗೆ ಟಂಗ್‌ಸ್ಟನ್ ಬಿಲ್ಲೆ ಹಾಕಿ ತಂತಿಯನ್ನು ಅದರ ಪಕ್ಕದ ಗೀರಿನಿಂದ ತಿರುಗಿಸಿ ತನ್ನಿ.

ಬೆಳಕಿನ ಸೋರಿಕೆ ಹಿಡಿಯುವುದು ಸುಲಭ. ಕತ್ತಲಲ್ಲಿ ಎಸ್‌ಐಪಿಎಂ ಎಳೆಯುವ ಕರೆಂಟ್ ಒಂದು ಮೈಕ್ರೋಆಂಪಿಯರ್ ಆಸುಪಾಸು. ಮೀಟರ್ ಕಟ್ಟಿ, ಕೀಲುಗಳ ಸುತ್ತ ಟಾರ್ಚ್ ಆಡಿಸಿ. ಮುಳ್ಳು ಜಿಗಿದ ಕಡೆ ತೂತಿದೆ. ತ್ರೀಡಿ ಪ್ರಿಂಟ್ ಮಾಡಿದ ಕಪ್ಪು ಪ್ಲಾಸ್ಟಿಕ್ ಕಣ್ಣಿಗೆ ಕಪ್ಪಾದರೂ ತೆಳುವಾದಲ್ಲಿ ಬೆಳಕು ಬಿಡುತ್ತದೆ. ಮುಂಬಾಗಿಲಿಗೆ 0.2 ಮಿ.ಮೀ. ಅಲ್ಯೂಮಿನಿಯಂ ತಗಡೇ ಸರಿ, 140 ಕೆಇವಿಗೆ ಅದು ಇದ್ದೂ ಇಲ್ಲದಂತೆ.

ಇನ್ನು ವೋಲ್ಟೇಜ್. ಇಲ್ಲಿ ಅವಸರ ಬೇಡ. ನಾನು ಬಳಸುವ ಎಸ್‌ಐಪಿಎಂ 24.5 ವೋಲ್ಟಿನ ಸುತ್ತ ಬ್ರೇಕ್‌ಡೌನ್ ಆಗುತ್ತದೆ (ಬೆಳಕನ್ನು ಹಿಗ್ಗಿಸತೊಡಗುತ್ತದೆ), ಅದರ ಮೇಲೆ 3 ವೋಲ್ಟ್ ಓವರ್‌ವೋಲ್ಟೇಜ್. ಗುಣಕವನ್ನು, ಅಂದರೆ ಸಂಕೇತ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದನ್ನು, ನಿರ್ಧರಿಸುವುದು ಈ 3 ವೋಲ್ಟ್ ಮಾತ್ರ. ಬ್ರೇಕ್‌ಡೌನ್ ಡಿಗ್ರಿಗೆ 21.5 ಮಿಲಿವೋಲ್ಟ್ ಏರುತ್ತದೆ. 20 ಡಿಗ್ರಿಯ ಓಟಿಯಿಂದ ಪ್ರೋಬಿನ ತುದಿ ಮೈಯ ಬಿಸಿಗೆ ಹೋಗಿ 10 ಡಿಗ್ರಿ ಏರಿತೆನ್ನಿ: ಓವರ್‌ವೋಲ್ಟೇಜ್ 0.215 ವೋಲ್ಟ್ ಇಳಿಯಿತು, ಗುಣಕ ಶೇ. 7 ಇಳಿಯಿತು, ಬೆಳಕು ಹಿಡಿಯುವ ಸಾಮರ್ಥ್ಯವೂ ತುಸು ಇಳಿದು ಒಟ್ಟು ಶೇ. 9ರ ಹತ್ತಿರ. 140ರ ಪೀಕ್ 128ರ ಕಡೆ ಬಂದು ಕೂತಿತು. ಎಣಿಕೆಗೆ ಒಪ್ಪುವ ಶಕ್ತಿಯ ಮಿತಿ, ಅಂದರೆ ಶೇ. 20ರ ವಿಂಡೋ, 126ರಿಂದ 154. ಗ್ಯಾಗ್-ಎಸ್‌ಐಪಿಎಂ ಜೋಡಿಯ ರೆಸಲ್ಯೂಷನ್ (ಪೀಕಿನ ಅಗಲ) ಈ ಶಕ್ತಿಯಲ್ಲಿ ಶೇ. 13ರಷ್ಟು ಎಂದು ಹಿಡಿದರೆ ಎಣಿಕೆಯ ಮೂರನೇ ಒಂದು ಭಾಗ ವಿಂಡೋದಿಂದ ಜಾರಿಹೋಯಿತು. ಗ್ರಂಥಿಗೆ ಹತ್ತಿರವಾದಷ್ಟೂ ಸದ್ದು ಕುಗ್ಗುವ ಪ್ರೋಬ್ ಯಾರಿಗೆ ಬೇಕು?

ಹಾಗಾಗಿ ತಾಪಮಾನದ ಸೆನ್ಸರ್ ಎಸ್‌ಐಪಿಎಂ ಬೋರ್ಡಿನ ಬೆನ್ನಿಗೇ ಅಂಟಿರಬೇಕು. ಹಿಡಿಕೆಯಲ್ಲಿಟ್ಟರೆ ಅದು ಕೈಯ ಬಿಸಿ ಅಳೆಯುತ್ತದೆ, ಸೆನ್ಸರಿನದಲ್ಲ. ಮೈಕ್ರೋಕಂಟ್ರೋಲರ್ ಆ ಅಂಕಿ ಓದಿ, ಡಿಎಸಿ (ಅಂಕಿಯನ್ನು ವೋಲ್ಟೇಜ್ ಮಾಡುವ ಚಿಪ್) ಮೂಲಕ, ವೋಲ್ಟೇಜ್ ಏರಿಸಿಕೊಡುವ ಬೂಸ್ಟ್ ಪರಿವರ್ತಕದ ಫೀಡ್‌ಬ್ಯಾಕ್ ತಿದ್ದುತ್ತದೆ. ಡಿಗ್ರಿಗೆ 21.5ರಿಂದ ಶುರು ಮಾಡಿ, ಪರೀಕ್ಷಾ ಮೂಲ ಕೋಬಾಲ್ಟ್-57ರ 122 ಕೆಇವಿ ಪೀಕ್ ಅಲುಗದಿರುವವರೆಗೆ ಹೊಂದಿಸಿ. ಬಿಸಿಗೆ ಹರಳಿನ ಬೆಳಕೂ ತುಸು ಕುಂದುವುದರಿಂದ ಕೊನೆಗೆ ನಿಲ್ಲುವ ಅಂಕಿ ಸ್ವಲ್ಪ ಮೇಲಿರುತ್ತದೆ.

ಬೂಸ್ಟ್ ಪರಿವರ್ತಕದ ಗೊರಗೊರ ತಡೆಯಲು ಫಿಲ್ಟರ್ ಹಾಕುತ್ತೇವಲ್ಲ, ಅದರ ರೆಸಿಸ್ಟರ್ ದೊಡ್ಡದಾದರೆ ಇನ್ನೊಂದು ಕೇಡು. 140 ಕೆಇವಿಯ ಒಂದು ಪಲ್ಸ್ 400 ಪಿಕೋಕೂಲಂಬ್‌ನಷ್ಟು ಎಳೆಯುತ್ತದೆ. ಸೆಕೆಂಡಿಗೆ 10,000 ಎಣಿಕೆಯಾದರೆ 4 ಮೈಕ್ರೋಆಂಪಿಯರ್. 100 ಕಿಲೋಓಮ್ ಮೇಲೆ ಅದು 0.4 ವೋಲ್ಟ್ ತಿನ್ನುತ್ತದೆ. ಎಣಿಕೆ ಏರಿದಷ್ಟೂ ಪೀಕ್ ಇಳಿಯುತ್ತದೆ, ಜನ ಅದನ್ನು ಡೆಡ್ ಟೈಮ್ (ಒಂದು ಪಲ್ಸ್ ಎಣಿಸುವಾಗ ಮುಂದಿನದು ತಪ್ಪಿಹೋಗುವುದು) ಅಂದುಕೊಂಡು ಕೋಡ್ ತಿದ್ದುತ್ತಾ ಕೂರುತ್ತಾರೆ. 1 ಕಿಲೋಓಮ್, 10 ಮೈಕ್ರೋಫ್ಯಾರಡ್ ಹಾಕಿ. ಸೆರಾಮಿಕ್ ಕೆಪಾಸಿಟರ್ 50 ವೋಲ್ಟಿನದಿರಲಿ. 28 ವೋಲ್ಟಿನಲ್ಲಿ ಅದರ ಮೌಲ್ಯ ಸಾಕಷ್ಟು ಕುಸಿಯುತ್ತದೆ, ಎರಡನ್ನು ಜೋಡಿಸಿದರೆ ನೆಮ್ಮದಿ.

ಮುಂಭಾಗದ ಆಂಪ್ಲಿಫೈಯರ್ ಬಗ್ಗೆ ಒಂದೇ ಮಾತು. 6 ಮಿ.ಮೀ. ಸೆನ್ಸರಿನ ಧಾರಣೆ (ಕೆಪಾಸಿಟೆನ್ಸ್) 4 ನ್ಯಾನೋಫ್ಯಾರಡ್, 50 ಓಮ್ ಹೊರೆ ಹಾಕಿದರೆ 200 ನ್ಯಾನೋಸೆಕೆಂಡಿನ ಬಾಲ. 10 ಓಮ್ ಇಲ್ಲವೇ ಕರೆಂಟನ್ನು ವೋಲ್ಟೇಜ್ ಮಾಡುವ ಟ್ರಾನ್ಸ್‌ಇಂಪಿಡೆನ್ಸ್ ಆಂಪ್ಲಿಫೈಯರ್ ಹಾಕಿ. ಅಲ್ಲಿಂದ ಒಂದು ಮೈಕ್ರೋಸೆಕೆಂಡ್ ಶೇಪಿಂಗ್ (ಪಲ್ಸಿಗೆ ಆಕಾರ ಕೊಡುವುದು), ವಿಂಡೋದ ಎರಡು ಗಡಿಗೆ ಎರಡು ಕಂಪ್ಯಾರೇಟರ್, ಕೌಂಟರ್.

ಸ್ಪೆಕ್ಟ್ರಮ್‌ನಲ್ಲಿ 98 ಕೆಇವಿ ಬಳಿ ಸಣ್ಣ ದಿಬ್ಬ ಕಂಡರೆ ಅದು ಅಂಗಾಂಶದ ಚದುರಿಕೆಯಲ್ಲ. ಗ್ಯಾಡೊಲಿನಿಯಂನ ಎಕ್ಸ್-ಕಿರಣ ಸುಮಾರು 43 ಕೆಇವಿ ಹೊತ್ತು ಹರಳಿನಿಂದ ಪಾರಾದದ್ದು. ನಿಜವಾದ ಚದುರಿಕೆ ಇನ್ನೂ ಮೇಲಿದೆ: 45 ಡಿಗ್ರಿ ತಿರುಗಿದ ಫೋಟಾನ್ 130 ಕೆಇವಿ ಉಳಿಸಿಕೊಂಡು ವಿಂಡೋದೊಳಗೇ ನುಗ್ಗುತ್ತದೆ. ಕೆಳಗಿನ ಗಡಿಯನ್ನು 130ಕ್ಕೆ ಏರಿಸಿದರೆ ಎಣಿಕೆ ಸ್ವಲ್ಪ ಕಳೆದು ಜಾಗ ಚೊಕ್ಕವಾಗುತ್ತದೆ. ತಾಪಮಾನದ ತಿದ್ದುಪಡಿ ಗಟ್ಟಿಯಾಗಿದ್ದರೆ ಮಾತ್ರ ಈ ಆಟ.

ಪರೀಕ್ಷೆಗೆ, ಇಂಥ ಪ್ರೋಬ್‌ಗಳಿಗೆಂದೇ ಇರುವ ನೆಮಾ ಎನ್‌ಯು 3 ಮಾನಕದ ದಾರಿ ಹಿಡಿಯಿರಿ: ನೀರಿನಲ್ಲಿ ಚುಕ್ಕಿ ಮೂಲವಿಟ್ಟು ದೂರ ಬದಲಿಸುತ್ತಾ ಸಂವೇದನೆ, 30 ಮಿ.ಮೀ. ದೂರದಲ್ಲಿ ಅಡ್ಡ ಸರಿಸುತ್ತಾ ಅರ್ಧ ಎತ್ತರದ ಅಗಲ, ಕವಚದ ಸುತ್ತಲೂ ಸೋರಿಕೆ. ಅದಕ್ಕೆ ನನ್ನದೊಂದು ಸೇರ್ಪಡೆ: ತುದಿಗೆ ಕೋಬಾಲ್ಟ್-57 ಅಂಟಿಸಿ, ವಿಂಡೋವನ್ನು 110ರಿಂದ 134ಕ್ಕೆ ಬದಲಿಸಿ, ಪ್ಲಾಸ್ಟಿಕ್ ಹೊದಿಕೆ ತೊಡಿಸಿ, 20 ಡಿಗ್ರಿಯ ನೀರಿನಿಂದ 37 ಡಿಗ್ರಿಯ ನೀರಿಗೆ ಅದ್ದಿ ಹತ್ತು ನಿಮಿಷ ಎಣಿಸಿ. ವಿಂಡೋ ಎಣಿಕೆ ಶೇ. 5ಕ್ಕಿಂತ ಹೆಚ್ಚು ಅಲುಗಿದರೆ ತಾಪಮಾನದ ಸೆನ್ಸರ್ ಎಲ್ಲಿ ಕೂತಿದೆ ಎಂದು ಮೊದಲು ನೋಡಿ.

ಇದೇ ಪ್ರೋಬನ್ನು 511 ಕೆಇವಿ ಫೋಟಾನ್ ಕೊಡುವ ಪೆಟ್ ಮೂಲ ಗ್ಯಾಲಿಯಂ-68ಕ್ಕೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. 511 ಕೆಇವಿಗೆ 2 ಮಿ.ಮೀ. ಗೋಡೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಮಾತ್ರ ತಡೆಯುತ್ತದೆ, 5 ಮಿ.ಮೀ. ಹರಳು ಕಾಲುಭಾಗದ ಆಸುಪಾಸು ಹಿಡಿಯುತ್ತದೆ. ಅದಕ್ಕೆ ಹರಳು, ಕವಚ, ತೂಕ ಎಲ್ಲವೂ ಬೇರೆ.