45 ಲಕ್ಷದ ಫ್ಲ್ಯಾಟ್: ಶೇ 1ರ ಜಿಎಸ್‌ಟಿ ಕೈತಪ್ಪದಂತೆ ಲೆಕ್ಕ ಹಾಕುವುದು ಹೇಗೆ

ಕಡಿಮೆ ದರದ ಫ್ಲ್ಯಾಟ್ ಕಟ್ಟುವವರು ನಕ್ಷೆ ಬರೆಸುವ ಮೊದಲೇ ತೆರಿಗೆ ಲೆಕ್ಕ ಮುಗಿಸಿಕೊಳ್ಳಬೇಕು. ಕಟ್ಟಡ ಎದ್ದ ಮೇಲೆ ಅಳತೆ ಬದಲಿಸಲು ಬರುವುದಿಲ್ಲ.

2019ರ ಏಪ್ರಿಲ್ 1ರಿಂದ ನಿರ್ಮಾಣ ಹಂತದ ಕೈಗೆಟುಕುವ ಮನೆಗೆ ಜಿಎಸ್‌ಟಿ ಶೇ 1, ಉಳಿದ ಮನೆಗಳಿಗೆ ಶೇ 5. ಎರಡಕ್ಕೂ ಇನ್‌ಪುಟ್ ಕ್ರೆಡಿಟ್ (ಸಾಮಗ್ರಿ ಕೊಳ್ಳುವಾಗ ಬಿಲ್ಡರ್ ಕಟ್ಟಿದ ಜಿಎಸ್‌ಟಿಯನ್ನು ಕಳೆದುಕೊಳ್ಳುವ ಅವಕಾಶ) ಇಲ್ಲ. ಶೇ 1 ಸಿಗಬೇಕಾದರೆ ಬೆಂಗಳೂರಿನಲ್ಲಿ ಕಾರ್ಪೆಟ್ ವಿಸ್ತೀರ್ಣ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ, 60 ಚದರ ಮೀಟರ್ (ಸುಮಾರು 645 ಚದರ ಅಡಿ) ಮೀರಬಾರದು. ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ 90 ಚದರ ಮೀಟರ್‌ವರೆಗೆ ಅವಕಾಶವಿದೆ. ಜೊತೆಗೆ ಬೆಲೆ 45 ಲಕ್ಷದೊಳಗಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಪೂರ್ತಿ ಮೊತ್ತಕ್ಕೆ ಶೇ 5.

ಕಾರ್ಪೆಟ್ ಅಳೆಯುವಾಗ ಒಳಗೋಡೆಗಳು ಸೇರುತ್ತವೆ. ಹೊರಗೋಡೆ, ಡಕ್ಟ್ (ಪೈಪು, ವೈರುಗಳು ಹಾಯುವ ಕಿಂಡಿ), ಆ ಮನೆಗಷ್ಟೇ ಸೇರಿದ ಬಾಲ್ಕನಿ ಸೇರುವುದಿಲ್ಲ. ಹಾಗಾಗಿ ಎರಡು ಬೆಡ್‌ರೂಮ್ ಮನೆಯನ್ನು 60 ಚದರ ಮೀಟರ್‌ನೊಳಗೆ ಕೂರಿಸುವುದು ಕಷ್ಟವೇನಲ್ಲ.

ಎಡವುವುದು ಬೆಲೆಯಲ್ಲಿ. 45 ಲಕ್ಷ ಎಂದರೆ ಮೂಲ ದರವಷ್ಟೇ ಅಲ್ಲ: ಜಮೀನಿನ ಪಾಲು, ಪಾರ್ಕಿಂಗ್, ಮೂಲೆ ಮನೆಗೆ ಹಾಕುವ ಹೆಚ್ಚುವರಿ, ಅಭಿವೃದ್ಧಿ ಶುಲ್ಕ, ಸಾಮಾನ್ಯ ಸೌಲಭ್ಯದ ಶುಲ್ಕ, ಎಲ್ಲವೂ ಅದರೊಳಗೆ ಬರುತ್ತವೆ. ಮೂಲ ದರ 43.5 ಲಕ್ಷ, ಪಾರ್ಕಿಂಗ್ 2 ಲಕ್ಷ ಎಂದುಕೊಳ್ಳಿ. ಒಟ್ಟು 45.5 ಲಕ್ಷಕ್ಕೆ ಜಿಎಸ್‌ಟಿ 2,27,500 ರೂಪಾಯಿ. ಅದನ್ನೇ 45 ಲಕ್ಷಕ್ಕೆ ಇಳಿಸಿದರೆ ಬರೀ 45,000. ಬಿಲ್ಡರ್ ಬಿಡುವುದು 50 ಸಾವಿರ, ಕೊಳ್ಳುವವರಿಗೆ ತೆರಿಗೆಯೊಂದರಲ್ಲೇ ಉಳಿಯುವುದು 1,82,500. ಇಷ್ಟು ಸಣ್ಣ ಮೊತ್ತಕ್ಕಾಗಿ ಮಿತಿ ದಾಟುವುದು ಕೊಳ್ಳುವ ಕುಟುಂಬಕ್ಕೆ ಮಾಡುವ ಅನ್ಯಾಯ.

ನೋಂದಣಿಯಲ್ಲೂ ಇದೇ ಗಡಿ. ಕರ್ನಾಟಕದಲ್ಲಿ ಅಪಾರ್ಟ್‌ಮೆಂಟಿನ ಮೊದಲ ನೋಂದಣಿಗೆ 45 ಲಕ್ಷದವರೆಗೆ ಮುದ್ರಾಂಕ ಶುಲ್ಕ ಶೇ 3 (20 ಲಕ್ಷದವರೆಗೆ ಶೇ 2), ಮೇಲಕ್ಕೆ ಶೇ 5. ಮುದ್ರಾಂಕದ ಮೇಲೆ ಸೆಸ್, ಸರ್ಚಾರ್ಜ್ ಬೇರೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 2. ಸರ್ಕಾರ ಆಸ್ತಿಗೆ ನಿಗದಿ ಮಾಡಿದ ಮಾರ್ಗಸೂಚಿ ದರ ಒಪ್ಪಂದದ ಬೆಲೆಗಿಂತ ಹೆಚ್ಚಿದ್ದರೆ ಮುದ್ರಾಂಕ ಅದರ ಮೇಲೆಯೇ ಬೀಳುತ್ತದೆ, ಮೊದಲೇ ನೋಡಿಕೊಳ್ಳಿ.

ಜಮೀನು ಜಂಟಿ ಅಭಿವೃದ್ಧಿ ಒಪ್ಪಂದದ್ದಾದರೆ (ಜಮೀನು ಮಾಲೀಕರದು, ಕಟ್ಟುವುದು ಬಿಲ್ಡರ್) ಮಾರಾಟದ ವೇಗವೇ ತೆರಿಗೆ ನಿರ್ಧರಿಸುತ್ತದೆ. ಕಂಪ್ಲೀಷನ್ ಸರ್ಟಿಫಿಕೇಟಿಗೆ (ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ) ಮೊದಲೇ ಮಾರಿದ ವಾಸದ ಮನೆಗಳ ಪಾಲಿನ ಅಭಿವೃದ್ಧಿ ಹಕ್ಕಿಗೆ, ಅಂದರೆ ಜಮೀನಿನ ಮಾಲೀಕರು ಬಿಲ್ಡರ್‌ಗೆ ಕೊಡುವ ಕಟ್ಟುವ ಹಕ್ಕಿಗೆ, ಜಿಎಸ್‌ಟಿ ವಿನಾಯಿತಿಯಿದೆ. ಉಳಿದ ಮನೆಗಳ ಪಾಲಿಗೆ ಬಿಲ್ಡರೇ ರಿವರ್ಸ್ ಚಾರ್ಜ್‌ನಲ್ಲಿ (ಕೊಡುವವರ ಬದಲು ಪಡೆಯುವವರೇ ತೆರಿಗೆ ಕಟ್ಟುವ ಕ್ರಮ) ಕಟ್ಟಬೇಕು. ಕೈಗೆಟುಕುವ ಮನೆಯಾದರೆ ಅದು ಮಾರದ ಮನೆಗಳ ಮೌಲ್ಯದ ಶೇ 1ನ್ನು ಮೀರುವುದಿಲ್ಲ.

ಇನ್ನೊಂದು ಷರತ್ತು ಬಿಲ್ಡರ್ ಮಾಡುವ ಖರೀದಿಯದು. ವರ್ಷದ ಸಾಮಗ್ರಿ, ಸೇವೆಗಳಲ್ಲಿ ಶೇ 80ರಷ್ಟನ್ನು ಜಿಎಸ್‌ಟಿ ನೋಂದಾಯಿತರಿಂದಲೇ ತೆಗೆದುಕೊಳ್ಳಬೇಕು. ಅಭಿವೃದ್ಧಿ ಹಕ್ಕು, ವಿದ್ಯುತ್, ಡೀಸೆಲ್ ಈ ಲೆಕ್ಕಕ್ಕೆ ಬಾರವು. ಕೊರತೆಯಾದ ಮೊತ್ತಕ್ಕೆ ಶೇ 18: 10 ಲಕ್ಷ ಕಡಿಮೆ ಬಿದ್ದರೆ 1.8 ಲಕ್ಷ ಜೇಬಿನಿಂದ. ಮೇಸ್ತ್ರಿ ಕೂಲಿ, ಮರಳು, ಜಲ್ಲಿಗಳ ಬಿಲ್ಲುಗಳಲ್ಲೇ ಈ ಕೊರತೆ ಹುಟ್ಟುತ್ತದೆ, ಅದಕ್ಕೇ ಪ್ರತಿ ತಿಂಗಳು ಪ್ರಾಜೆಕ್ಟ್‌ವಾರು ಪಟ್ಟಿ ಇಡಿ. ಸಿಮೆಂಟನ್ನಂತೂ ನೋಂದಣಿಯಿಲ್ಲದವರಿಂದ ಕೊಳ್ಳಲೇಬೇಡಿ. ಶೇ 80 ದಾಟಿದ್ದರೂ ಅದರ ತೆರಿಗೆ ನಿಮ್ಮ ತಲೆಗೇ ಬರುತ್ತದೆ.

ಆದಾಯ ತೆರಿಗೆಯ 80-ಐಬಿಎ ಅಡಿಯ ಪೂರ್ತಿ ಲಾಭದ ವಿನಾಯಿತಿಯನ್ನು ಹೊಸ ಪ್ರಾಜೆಕ್ಟಿನ ಲೆಕ್ಕದಲ್ಲಿ ಸೇರಿಸಬೇಡಿ. 2022ರ ಮಾರ್ಚ್ 31ರೊಳಗೆ ಅನುಮೋದನೆ ಪಡೆದವಕ್ಕೆ ಮಾತ್ರ ಅದು.